ಎಳ್ಳು ಯಾವ ವಿಭಾಗಕ್ಕೆ ಸೇರುತ್ತದೆ

ನಾವು ಚೆಂಬೂರಿನಲ್ಲಿದ್ದಾಗ ಒಂದು ನವೆಂಬರ್ ಬೆಳಿಗ್ಗೆ, ನಮ್ಮವರು ಆಫೀಸಿಗೆ ಹೊರಟುಹೋದ ಮೇಲೆ, ಫೋನ್ ಬಂತು. ಗಂಡಸಿನ ದನಿ. ಬಹಳ ದಣಿದ ದನಿ.

"ಅಮ್ಮ, ನಿಮ್ಮಲ್ಲಿ ದರ್ಭೆ ಸಿಗ್ತದಾ? ಕಪ್ಪು ಎಳ್ಳು ಹೇಗೂ ಉಂಟಲ್ಲ, ಅದರೊಟ್ಟಿಗೆ ದರ್ಭೆಯೂ ಇದ್ರೆ ಒಂದೇ ಕಡೆಯಲ್ಲಿ ತಗೊಂಡು ಹೋಗ್ಬಹುದಿತ್ತು. ನಾಳೆ ಹತ್ತನೇ ದಿನ."

ರಾಂಗ್ ನಂಬರ್ ಎನ್ನುವಷ್ಟರಲ್ಲಿ ಅವರು ನಮ್ಮ ನಂಬರನ್ನು ಒಂದೊಂದೇ ಅಂಕಿಯಾಗಿ ಓದಿದರು. ನಂಬರ್ ನಮ್ಮದೇ. "ಸಂಘದ ಡೈರೆಕ್ಟರಿಯಲ್ಲಿ ಹಾಕಿದ್ದಾರಲ್ಲ ಅಮ್ಮ, ಅಪರಕ್ರಿಯೆಯ ಸಾಮಗ್ರಿ ಅಂತ. ಪುರೋಹಿತರ ಹೆಸರಿನ ಕೆಳಗೇ ನಿಮ್ಮದು ಉಂಟು."

ಮನೆಯಲ್ಲಿ ಸಾವಾದವರಿಗೆ ನಾನು ಏನು ಹೇಳಲಿ? ಮಾಟುಂಗ ಮಾರ್ಕೆಟ್ಟಿನ ಹತ್ತಿರ ಪೂಜಾ ಸಾಮಾನಿನ ಅಂಗಡಿಗಳಿವೆ, ಅಲ್ಲಿ ಎಲ್ಲವೂ ಸಿಗುತ್ತದೆ ಎಂದೆ. ಅವರು ತಾವೇ ತಪ್ಪು ಮಾಡಿದವರ ಹಾಗೆ ಕ್ಷಮೆ ಕೇಳಿ ಫೋನ್ ಇಟ್ಟರು. ಡೈರೆಕ್ಟರಿಯ ಹೊಸ ಪ್ರತಿ ನಮ್ಮ ಮನೆಯಲ್ಲೂ ಇತ್ತು. ರಾಜ್ಯೋತ್ಸವದ ದಿನ ನಮ್ಮವರು ತಂದಿದ್ದರು. ಕರಕುಶಲ, ತಿಂಡಿ ತಿನಿಸು, ಹಬ್ಬದ ಸಾಮಗ್ರಿ, ಈ ಮೂರರಲ್ಲಿ ಹುಡುಕಿ ನನ್ನ ಹೆಸರು ಕಾಣದೆ, ಬಿಟ್ಟುಹೋಗಿರಬೇಕು ಎಂದುಕೊಂಡು ಸುಮ್ಮನಾಗಿದ್ದೆ. ಅಪರಕ್ರಿಯೆಯ ಪುಟವನ್ನು ಯಾರಾದರೂ ಸುಮ್ಮನೆ ತೆಗೆದು ನೋಡುತ್ತಾರೆಯೇ? ಈಗ ತೆಗೆದೆ. ನನ್ನ ಹೆಸರು, ವಿಳಾಸ, ಫೋನ್ ನಂಬರ್, ಎಲ್ಲ ಒಂದಕ್ಷರ ತಪ್ಪಿಲ್ಲದೆ ಅಚ್ಚಾಗಿದ್ದವು. ಅದರ ಮುಂದೆ ಎರಡೇ ಪದ: "ಎಳ್ಳು ಇತ್ಯಾದಿ."

ಫಾರಂನಲ್ಲಿ ನಾನು ಬರೆದದ್ದು "ಎಳ್ಳು, ಬೆಲ್ಲ, ಸಕ್ಕರೆ ಅಚ್ಚು" ಎಂದು. ಬೆಲ್ಲವೂ ಸಕ್ಕರೆ ಅಚ್ಚೂ ಆ ಇತ್ಯಾದಿಯೊಳಗೆ ಕರಗಿಹೋಗಿದ್ದವು.

ಇದರಲ್ಲಿ ಇಷ್ಟು ನೋಯುವುದೇನಿದೆ ಎಂದು ಕೇಳಿದವರಿದ್ದಾರೆ. ಕರಾವಳಿಯವರಿಗೆ, ಉತ್ತರ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಮೈಸೂರು, ಬೆಂಗಳೂರು ಕಡೆಯ ಮನೆಗಳಲ್ಲಿ ಸಂಕ್ರಾಂತಿಯ ದಿನ ಹೆಣ್ಣುಮಕ್ಕಳು ಹೊಸ ಬಟ್ಟೆ ಹಾಕಿಕೊಂಡು, ತಟ್ಟೆಯಲ್ಲಿ ಎಳ್ಳು-ಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು ಇಟ್ಟುಕೊಂಡು ಮನೆಮನೆಗೆ ಹೋಗಿ ಕೊಟ್ಟುಬರುತ್ತಾರೆ. ಎಳ್ಳು ಬೀರುವುದು ಎನ್ನುತ್ತೇವೆ. ಹುರಿದ ಬಿಳಿ ಎಳ್ಳು, ಹುರಿಗಡಲೆ, ಸಿಪ್ಪೆ ತೆಗೆದ ಕಡಲೆಕಾಯಿ ಬೀಜ, ಸಣ್ಣಗೆ ಹೆಚ್ಚಿ ಒಣಗಿಸಿದ ಕೊಬ್ಬರಿ, ಅದೇ ಗಾತ್ರಕ್ಕೆ ಅಡಕತ್ತರಿಯಲ್ಲಿ ಕತ್ತರಿಸಿದ ಬೆಲ್ಲ, ಇಷ್ಟೂ ಸೇರಿದರೆ ಎಳ್ಳು-ಬೆಲ್ಲ. ಮದುವೆಯಾದ ಮೊದಲ ವರ್ಷ, ಮಗು ಹುಟ್ಟಿದ ಮೊದಲ ವರ್ಷ ಇದನ್ನು ಇನ್ನಷ್ಟು ಸಡಗರದಿಂದ ಮಾಡುತ್ತಾರೆ. ಒಟ್ಟಿನಲ್ಲಿ ಮಕ್ಕಳ ಮತ್ತು ಮುತ್ತೈದೆಯರ ಪದಾರ್ಥ. ನಾನು ಮಾರುತ್ತಿದ್ದದ್ದು ಇದನ್ನೇ.

ಮುಂಬಯಿಯಲ್ಲಿ ಇದನ್ನು ಮಾಡಿಕೊಳ್ಳಲು ಯಾರಿಗೂ ಪುರಸೊತ್ತಿರಲಿಲ್ಲ, ಜಾಗವೂ ಇರಲಿಲ್ಲ. ಲೋಕಲ್‌ನಲ್ಲಿ ನಿಂತು ಮನೆಗೆ ಬಂದ ಹೆಂಗಸು ಕೊಬ್ಬರಿಯ ಮೇಲಿನ ಕಂದು ಸಿಪ್ಪೆ ಹೆರೆದು, ಎಳೆಎಳೆಯಾಗಿ ಹೆಚ್ಚಿ, ಎಲ್ಲಿ ಒಣಹಾಕಬೇಕು? ನಮ್ಮ ಬಿಲ್ಡಿಂಗಿನ ತಾರಸಿ ನನಗೆ ಸಿಕ್ಕಿದ್ದು ಕೆಳಗಿನ ಮನೆಯ ಮರಾಠಿ ಹೆಂಗಸಿನ ದಯೆಯಿಂದ. ವಹಿನಿ, ಎಂದರೆ ಅತ್ತಿಗೆ, ಎಂದೇ ಅವರನ್ನು ಕರೆಯುತ್ತಿದ್ದೆ. ಹಪ್ಪಳ ಒಣಗಿಸಲು ಕೀಲಿಕೈ ಅವರ ಹತ್ತಿರವೇ ಇರುತ್ತಿತ್ತು. ಹಳೆಯ ಸೀರೆಯ ಮೇಲೆ ಕೊಬ್ಬರಿ ಹರಡಿ, ಮೇಲೊಂದು ತೆಳ್ಳನೆಯ ಬಟ್ಟೆ ಮುಚ್ಚಿ ಕಾಯುತ್ತಿದ್ದೆ. ಕಾಗೆಗಿಂತ ಹೆಚ್ಚಾಗಿ ಗಾಳಿಯನ್ನು ಕಾಯಬೇಕಿತ್ತು. ರಿಫೈನರಿಯ ಕಡೆಯಿಂದ ಬೀಸಿದರೆ ಕೊಬ್ಬರಿಗೆ ವಾಸನೆ ಹಿಡಿಯುತ್ತಿತ್ತು. ಮೂಗಿಗೆ ಆ ಗ್ಯಾಸಿನ ಸುಳಿವು ಸಿಕ್ಕಿದ ಕೂಡಲೇ ಓಡಿಹೋಗಿ ಎಲ್ಲವನ್ನೂ ಬಾಚಿ ಒಳಗೆ ತರುತ್ತಿದ್ದೆ. ಸಕ್ಕರೆ ಅಚ್ಚಿನದು ಬೇರೆಯೇ ಕಷ್ಟ. ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು, ನೀರಿನಲ್ಲಿ ನೆನೆಸಿದ ಮರದ ಅಚ್ಚಿಗೆ ಹೊಯ್ಯಬೇಕು. ಬೆಂಗಳೂರಿನ ಚಳಿಯಲ್ಲಿ ಗಿಣಿಯ ಕೊಕ್ಕು, ಕಳಶದ ಎಲೆ ಎಲ್ಲ ಚೂಪಾಗಿ ಮೂಡುತ್ತವೆ. ಇಲ್ಲಿ ಸಮುದ್ರದ ಗಾಳಿಗೆ ಗಿಣಿ ಸಂಜೆಯೊಳಗೆ ಬೆವರುತ್ತದೆ. ಅದಕ್ಕೂ ಒಂದು ಉಪಾಯ ಕಂಡುಕೊಂಡೆ. ತವರಿನಿಂದ ತಂದಿದ್ದ ದೊಡ್ಡ ತಗಡಿನ ಡಬ್ಬಿಯ ತಳಕ್ಕೆ ಹುರಿದ ಅಕ್ಕಿ ಹಾಕಿ, ಮೇಲೆ ಕಾಗದ ಹಾಸಿ, ಅದರ ಮೇಲೆ ಅಚ್ಚು ಜೋಡಿಸುತ್ತಿದ್ದೆ.

ಮೊದಲು ಕೇಳಿದವರು ವಿಕ್ರೋಳಿಯ ಕಂಪನಿ ಕಾಲೊನಿಯಲ್ಲಿದ್ದ ತುಮಕೂರು ಕಡೆಯ ಹೆಂಗಸು. ನಮ್ಮ ಮನೆಯ ಅರಿಸಿನ ಕುಂಕುಮಕ್ಕೆ ಬಂದಿದ್ದವರು ಅಚ್ಚನ್ನು ಬೆಳಕಿಗೆ ಹಿಡಿದು ನೋಡಿ, "ನಂಗೂ ಮಾಡಿಕೊಡ್ರೀ, ಸುಮ್ನೆ ಬೇಡ, ದುಡ್ಡು ತಗೊಂಡೇ ಮಾಡಿಕೊಡಿ" ಎಂದರು. ಮರುವರ್ಷ ಅವರ ಬಿಲ್ಡಿಂಗಿನವರೆಲ್ಲ ಕೇಳಿದರು. ಆಮೇಲೆ ಮುಲುಂಡ್, ಸಯನ್, ಘಾಟ್‌ಕೋಪರ್. ಕನ್ನಡದವರ ನಡುವೆ ಅದುವರೆಗೆ ನಾನು ಇಂಥವರ ಹೆಂಡತಿ. ಆಮೇಲೆ ಎಳ್ಳಿನವರು ಎನ್ನತೊಡಗಿದರು. ನನಗೆ ಒಳಗೊಳಗೇ ಎಷ್ಟು ಸಂತೋಷವಾಗಿತ್ತೆಂದು ಯಾರಿಗೂ ಹೇಳಿಕೊಂಡಿರಲಿಲ್ಲ. ಮದುವೆ, ಸೀಮಂತಗಳ ಆರತಿ ತಟ್ಟೆಗೂ ಸಕ್ಕರೆ ಅಚ್ಚು ಮಾಡಿಕೊಟ್ಟರೆ ಇದು ವರ್ಷವಿಡೀ ನಡೆಯುವ ಕೆಲಸವಾದೀತು ಎಂಬ ಆಸೆ ಹುಟ್ಟಿತು. ಡೈರೆಕ್ಟರಿಗೆ ಫಾರಂ ತುಂಬಿದ್ದು ಆ ಆಸೆಯಿಂದ.

ಮಾಟುಂಗದಲ್ಲಿದ್ದ ಒಂದು ಸಂಘ ಆ ಡೈರೆಕ್ಟರಿಯನ್ನು ತರುತ್ತಿತ್ತು. ಟೈಲರು, ವಕೀಲರು, ಪುರೋಹಿತರು, ಟೈಪಿಂಗ್ ಕ್ಲಾಸು, ಲಾಡ್ಜು, ಏನು ಬೇಕಿದ್ದರೂ ಮುಂಬಯಿಯ ಕನ್ನಡಿಗರು ಮೊದಲು ತೆರೆಯುತ್ತಿದ್ದದ್ದು ಅದನ್ನೇ. ಹೆಸರು ಹಾಕಿಸಲು ಶುಲ್ಕವಿಲ್ಲ. ಮಾಡುವವರಿಗೆ ಸಂಬಳವೂ ಇಲ್ಲ. ನಿವೃತ್ತರು, ಆಫೀಸಿಗೆ ಹೋಗುವವರು ಭಾನುವಾರಗಳಂದು ಸೇರಿ, ಒಬ್ಬೊಬ್ಬರು ಒಂದೆರಡು ವಿಭಾಗ ಹಂಚಿಕೊಂಡು, ಬಂದ ಫಾರಂಗಳನ್ನು ನೋಡಿ, ಯಾರನ್ನು ಎಲ್ಲಿ ಹಾಕಬೇಕೆಂದು ತೀರ್ಮಾನಿಸುತ್ತಿದ್ದರು. ಮೊದಲ ಪುಟದಲ್ಲಿ ಅವರ ಹೆಸರುಗಳ ಕೆಳಗೆ "ಗೌರವ ಸಂಪಾದಕರು" ಎಂದಿರುತ್ತಿತ್ತು.

ಸಂಜೆ ನಮ್ಮವರಿಗೆ ತೋರಿಸಿದೆ. ಶೂಸಿನ ದಾರ ಬಿಚ್ಚುತ್ತಿದ್ದವರು ಓದಿ ನಕ್ಕುಬಿಟ್ಟರು.

"ಈ ವರ್ಷದ ವ್ಯಾಪಾರಕ್ಕೆ ಎಳ್ಳುನೀರು ಬಿಟ್ರು ಅನ್ನು."

"ನಗಬೇಡ್ರೀ."

"ಅಳೋದಕ್ಕೇನಿದೆಯೇ ಇದರಲ್ಲಿ? ನಿನ್ನನ್ನ ಗೊತ್ತಿರೋರು ಹೇಗೂ ತಗೋತಾರೆ. ಪಾಪ, ಅವರೇನು ದುಡ್ಡು ಇಸ್ಕೊಂಡು ಮಾಡಿದಾರಾ?"

ಈ ಮಾತನ್ನು ಮುಂದೆ ನಾನು ಎಷ್ಟು ಬಾಯಲ್ಲಿ ಕೇಳಿದೆನೋ. ದುಡ್ಡು ತೆಗೆದುಕೊಂಡವನ ಕೆಲಸ ಕೆಟ್ಟರೆ ಜಗಳವಾಡಬಹುದು. ತೆಗೆದುಕೊಳ್ಳದವನು ನಿಮ್ಮ ಸೆರಗಿಗೇ ಬೆಂಕಿ ತಾಗಿಸಿದರೂ ಮೊದಲು ಅವನಿಗೆ ಥ್ಯಾಂಕ್ಸ್ ಹೇಳಬೇಕು.

ಗೊತ್ತಿರುವವರು ತಗೋತಾರೆ ಎಂಬುದೂ ಸುಳ್ಳಾಯಿತು. ಸಂಕ್ರಾಂತಿಯ ವ್ಯಾಪಾರಕ್ಕೆ ವರ್ಷದಲ್ಲಿ ಒಂದೇ ಸರದಿ. ನವೆಂಬರಿನಲ್ಲಿ ಕೊಬ್ಬರಿ ತರಿಸಬೇಕು, ಡಿಸೆಂಬರಿನಲ್ಲಿ ಆರ್ಡರ್ ಬರಬೇಕು, ಹಬ್ಬ ಕಳೆದ ಮರುದಿನ ಎಳ್ಳು-ಬೆಲ್ಲ ಯಾರಿಗೂ ಬೇಡ. ಆ ಡಿಸೆಂಬರಿನಲ್ಲಿ ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಪಿಂಡಕ್ಕೆ ಬೇಕಾದ ಅಕ್ಕಿ ಇದೆಯೇ, ತಿಥಿಗೆ ಅಡುಗೆಯವರನ್ನು ಕಳಿಸುತ್ತೀರಾ, ಹದಿಮೂರನೆಯ ದಿನದ ದಾನದ ಸಾಮಾನು ಒಟ್ಟಿಗೆ ಸಿಗುತ್ತದೆಯೇ? ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಫೋನಿನಲ್ಲಿ ಹೇಗೆ ಮಾತನಾಡಬೇಕೆಂದು ನಮಗೆ ಕಲಿಸಿದ್ದರು. ದುಃಖದಲ್ಲಿರುವವರನ್ನು ಮಾತು ಮುಗಿಯುವ ಮೊದಲೇ ತಡೆಯಬಾರದು ಎಂದಿದ್ದರು. ಒಲೆಯ ಮೇಲೆ ಎಳ್ಳು ಸಿಡಿಯುತ್ತಿರುತ್ತಿತ್ತು. ನಾನು ಯಾರದೋ ತಾಯಿಯ ಕೊನೆಯ ದಿನಗಳ ಕಥೆ ಕೇಳುತ್ತ ನಿಂತಿರುತ್ತಿದ್ದೆ.

ವಿಕ್ರೋಳಿಯವರ ಫೋನ್ ಡಿಸೆಂಬರಿನ ನಡುವಿನಲ್ಲಿ ಬಂತು. ಅವರು ಪ್ರತಿ ವರ್ಷ ಎಲ್ಲರಿಗಿಂತ ಮೊದಲು ಹೇಳಿಬಿಡುತ್ತಿದ್ದರು. ಈ ಸಲ ತಡವಾಗಿತ್ತು. ಮಗಳ ಬಾಣಂತನ, ಮಗುವಿನ ಕೂದಲು, ನೀರಿನ ಟ್ಯಾಂಕರು ಎಲ್ಲ ಆದಮೇಲೆ ವಿಷಯಕ್ಕೆ ಬಂದರು.

"ಈ ಸಲ ಎಳ್ಳು ಬೇಡಾಂತ ಇದೀವಿ ಕಣ್ರೀ."

"ಯಾಕ್ರೀ? ಮೊಮ್ಮಗೂಗೆ ಮೊದಲನೇ ಸಂಕ್ರಾಂತಿ ಅಲ್ವಾ?"

"ಅದಕ್ಕೇ ಕಣ್ರೀ. ನಮ್ಮತ್ತೆ ಊರಿಂದ ಬಂದಿದಾರೆ. ಯಾರೋ ಆ ಡೈರೆಕ್ಟರಿ ತೋರಿಸಿಬಿಟ್ಟಿದಾರೆ ಅವರಿಗೆ."

"ಅದು ತಪ್ಪಾಗಿ ಅಚ್ಚಾಗಿರೋದು. ನಿಮಗೆ ಗೊತ್ತಲ್ಲ?"

"ನಂಗೊತ್ತಿಲ್ವೇನ್ರೀ? ನಾನೂ ಹೇಳ್ದೆ. ಅಪರಕ್ಕೆ ಎಳ್ಳು ಕೊಡೋ ಮನೆಯಿಂದ ಮಗೂ ಕರಿ ಎರೆಯೋದಕ್ಕೆ ಎಳ್ಳು ತರ್ತೀಯಾ ಅಂದ್ಬಿಟ್ರು. ಒಂದ್ಸಲ ಮನಸ್ಸಿಗೆ ಬಂದ್ಮೇಲೆ ನಂಗೂ ಯಾಕೋ... ಬೇಜಾರು ಮಾಡ್ಕೋಬೇಡಿ. ಮುಂದಿನ ವರ್ಷ ಖಂಡಿತ."

ಕರಿ ಎರೆಯುವುದೆಂದರೆ ಸಂಕ್ರಾಂತಿಯ ಸಂಜೆ ಪುಟ್ಟ ಮಕ್ಕಳನ್ನು ಕೂರಿಸಿ ತಲೆಯ ಮೇಲಿಂದ ಎಲಚಿಹಣ್ಣು, ಕಬ್ಬಿನ ಚೂರು, ಎಳ್ಳು-ಬೆಲ್ಲ ಸುರಿಯುವುದು. ಆ ಮಗುವಿಗಾಗಿ ನಾನು ಆಗಲೇ ಸಣ್ಣ ಆನೆಯ ಅಚ್ಚನ್ನು ತೆಗೆದಿಟ್ಟಿದ್ದೆ. ಅವರ ಹಿಂದೆಯೇ ಅವರ ಬಿಲ್ಡಿಂಗೂ ಹೋಯಿತು. ಅವರಲ್ಲಿ ಯಾರೂ ಕಾರಣ ಹೇಳಲಿಲ್ಲ. ಊರಿಗೆ ಹೋಗುತ್ತೇವೆ ಎಂದರು. ಸೂತಕವಿದೆ ಎಂದರು. ಮನೆಯಲ್ಲೇ ಮಾಡಿಕೊಳ್ಳುತ್ತೇವೆ ಎಂದರು.

ಮರು ಭಾನುವಾರ ಕುರ್ಲಾದಲ್ಲಿ ಗಾಡಿ ಬದಲಿಸಿ ಮಾಟುಂಗಕ್ಕೆ ಹೋದೆ. ನಮ್ಮವರು ಬರಲಿಲ್ಲ. ಕೈಚೀಲದಲ್ಲಿ ಎಳ್ಳು-ಬೆಲ್ಲದ ಪೊಟ್ಟಣವೊಂದನ್ನು ಇಟ್ಟುಕೊಂಡಿದ್ದೆ. ವಾದ ಮಾಡುವುದು ನನಗೆ ಬರುವುದಿಲ್ಲ, ಕಣ್ಣಾರೆ ನೋಡಿದರೆ ತಿಳಿಯುತ್ತದೆ ಎಂಬ ಧೈರ್ಯ.

ಸಂಘದ ಮೇಲಿನ ಕೋಣೆಯಲ್ಲಿ ನಾಲ್ಕೈದು ಮಂದಿ ಗಂಡಸರು ಕಾಫಿ ಕುಡಿಯುತ್ತ ಕೂತಿದ್ದರು. ಅಪರಕ್ರಿಯೆಯ ವಿಭಾಗ ನೋಡಿಕೊಳ್ಳುತ್ತಿದ್ದವರು ಬ್ಯಾಂಕಿನಿಂದ ನಿವೃತ್ತರಾದ ಉಡುಪಿ ಕಡೆಯ ಹಿರಿಯರು. ಬಿಳಿ ಪ್ಯಾಂಟು, ಬಿಳಿ ಶರ್ಟು, ಜೇಬಿನಲ್ಲಿ ಎರಡು ಪೆನ್ನು. ಕುರ್ಚಿ ತಾವೇ ಎಳೆದು ಕೊಟ್ಟರು.

"ಎಳ್ಳು ಅಂತ ನೀವೇ ಬರೆದದ್ದಲ್ವಾ ಅಮ್ಮ? ಎಳ್ಳು ಎಂತಕ್ಕೆ ಬೇಕಾಗುವುದು ಹೇಳಿ. ತರ್ಪಣಕ್ಕೆ, ಶ್ರಾದ್ಧಕ್ಕೆ. ಫಾರಂ ನೋಡಿದ ಕೂಡಲೇ ನಾನು ಇವರಿಗೆ ಹೇಳಿದೆ, ಭಾರೀ ಉಪಕಾರ ಆಯ್ತು ಮಾರಾಯ್ರೆ, ಈ ವಿಭಾಗದಲ್ಲಿ ಸಾಮಾನು ಕೊಡುವವರ ಹೆಸರೇ ಇರಲಿಲ್ಲ ಅಂತ."

"ಸಂಕ್ರಾಂತಿಗೆ ಹಂಚ್ತಾರಲ್ಲ ಸರ್."

"ತಿಳಗುಳವಾ? ಅದು ಮರಾಠಿಯವರದ್ದು."

"ನಮ್ಮ ಕಡೇನೂ ಇದೆ ಸರ್. ಎಳ್ಳು ಬೀರೋದು ಅಂತೀವಿ."

"ಬೀರುವುದಾ?" ಅವರು ಉಳಿದವರತ್ತ ತಿರುಗಿದರು. "ನನಗೆ ಗೊತ್ತಿರುವ ಬೀರು ಎರಡೇ. ಒಂದು ಬಟ್ಟೆ ಇಡುವುದು, ಇನ್ನೊಂದು ಕುಡಿಯುವುದು."

ಕೋಣೆಯೆಲ್ಲ ನಕ್ಕಿತು. ನನಗೂ ನಗು ಬಂತು, ಸುಳ್ಳು ಹೇಳುವುದಿಲ್ಲ. ಮುಂಬಯಿಯಲ್ಲಿ ಇಷ್ಟು ವರ್ಷ ಕಳೆದ ಮನುಷ್ಯ. ಜನವರಿ ಬಂತೆಂದರೆ ಅವರ ಬ್ಯಾಂಕಿನ ಕೌಂಟರಿನ ಮೇಲೇ ಎಳ್ಳಿನುಂಡೆಯ ತಟ್ಟೆ ಇರುತ್ತಿದ್ದಿರಬೇಕು. ಅದು ಪಕ್ಕದ ಮನೆಯವರದೆಂದು ಬಾಯಿಗೆ ಹಾಕಿಕೊಂಡಿದ್ದರೇ ಹೊರತು, ಕನ್ನಡ ಮಾತನಾಡುವ ಮನೆಗಳಲ್ಲೂ ಅಂಥದೊಂದು ಇದ್ದೀತೆಂದು ಅವರಿಗೆ ಹೊಳೆದಿರಲಿಲ್ಲ. ಕನ್ನಡವೆಂದರೆ ಅವರ ಮನೆಯ ಕನ್ನಡ ಅಷ್ಟೇ.

ಪೊಟ್ಟಣ ಬಿಚ್ಚಿ ಮೇಜಿನ ಮೇಲೆ ಇಟ್ಟೆ. ಬಿಳಿ ಎಳ್ಳು ನೋಡಿ ಹುಬ್ಬು ಏರಿಸಿದರು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಆಮೇಲೆ ಒಂದು ಹಿಡಿ.

"ಲಾಯ್ಕ ಉಂಟು. ಆದ್ರೆ ಈಗ ಎಂತ ಮಾಡುವುದಮ್ಮ? ಪುಸ್ತಕ ಎಲ್ಲರ ಮನೆಗೆ ಹೋಗಿ ಆಯ್ತಲ್ಲ."

"ಉಳಿದಿರೋ ಪ್ರತಿಗಳಿಗಾದ್ರೂ ಒಂದು ತಿದ್ದುಪಡಿ ಚೀಟಿ ಅಂಟಿಸಬಹುದಲ್ವಾ? ನಾನೇ ಬಂದು ಅಂಟಿಸ್ತೀನಿ ಸರ್."

"ನಿಮಗೊಬ್ಬರಿಗೆ ಅಂಟಿಸಿದ್ರೆ ನಾಳೆ ಎಲ್ಲರೂ ಗೋಂದು ಹಿಡ್ಕೊಂಡು ಬರ್ತಾರೆ. ನೋಡಿ, ನಮಗೆ ಇಲ್ಲಿ ಐದು ಪೈಸೆ ಸಿಗುವುದಿಲ್ಲ. ಆದಿತ್ಯವಾರ ಹೆಂಡತಿ ಮಕ್ಕಳನ್ನು ಬಿಟ್ಟು ಕೂರುವುದು. ಒಂದು ತಪ್ಪಾದ್ರೆ ಹೊಟ್ಟೆಗೆ ಹಾಕಿಕೊಳ್ಳಬೇಕು." ಎಂದವರು ಇನ್ನೊಂದು ಹಿಡಿಯನ್ನು ನಿಜವಾಗಿಯೂ ಹೊಟ್ಟೆಗೆ ಹಾಕಿಕೊಂಡರು.

ಮೂಲೆಯಲ್ಲಿ ಕೂತಿದ್ದ ಇನ್ನೊಬ್ಬರು ಆಗ ಎದ್ದುಬಂದರು. ಹಬ್ಬದ ಸಾಮಗ್ರಿಯ ವಿಭಾಗ ಅವರದು. ಬೆಂಗಳೂರಿನವರು, ನಮ್ಮ ತಾಯಿಯ ಮನೆಯಿಂದ ಎರಡು ಬೀದಿ ಆಚೆಯವರೇ. "ನಂಗೆ ಫಾರಂ ಬಂದಿದ್ರೆ ಈ ರಾಮಾಯಣ ಆಗ್ತಾನೇ ಇರ್ಲಿಲ್ಲ ನೋಡಿ" ಎಂದರು. ನನಗೆ ಹೋದ ಜೀವ ಬಂದಂತಾಯಿತು. ಎಳ್ಳು ಏನೆಂದು ಬಲ್ಲವರು ಒಬ್ಬರಾದರೂ ಸಿಕ್ಕರಲ್ಲ. ಸಕ್ಕರೆ ಅಚ್ಚನ್ನು ಇಲ್ಲಿನ ಹವೆಯಲ್ಲಿ ಹೇಗೆ ಕಾಪಾಡುತ್ತೀರಿ ಎಂದು ಕೇಳಿದರು. ಡಬ್ಬಿಯ ತಳಕ್ಕೆ ಹುರಿದ ಅಕ್ಕಿ ಹಾಕುವುದನ್ನು ಹೇಳಿದೆ. ಕೊಬ್ಬರಿ ಎಲ್ಲಿಂದ ತರಿಸುತ್ತೀರಿ, ಯಾವ ಯಾವ ಕಡೆಯಿಂದ ಆರ್ಡರ್ ಬರುತ್ತದೆ, ವಿಕ್ರೋಳಿ ಕಾಲೊನಿಯಲ್ಲಿ ಯಾರು ಒಟ್ಟು ಮಾಡುತ್ತಾರೆ, ಎಲ್ಲವನ್ನೂ ಕೇಳಿದರು. ಎಲ್ಲವನ್ನೂ ಹೇಳಿದೆ. ಅಷ್ಟು ಆಸಕ್ತಿಯಿಂದ ನನ್ನ ಕೆಲಸದ ಬಗ್ಗೆ ಅದುವರೆಗೆ ಯಾರೂ ಕೇಳಿರಲಿಲ್ಲ.

ಹೊರಡುವಾಗ ಬ್ಯಾಂಕಿನ ಹಿರಿಯರು ಒಂದು ಮಾತು ಹೇಳಿದರು. "ಇಷ್ಟು ಚೆಂದ ಅಕ್ಷರ ಉಂಟು ನಿಮ್ಮದು. ತಪ್ಪಾಯ್ತು ತಪ್ಪಾಯ್ತು ಹೇಳುವುದಕ್ಕಿಂತ ನೀವೇ ಬಂದು ಕೂತ್ಕೊಳ್ಳಿ. ಮುಂದಿನ ಆವೃತ್ತಿಗೆ ಸಂಪಾದಕಿ ಆಗಿ. ನಿಮ್ಮಂಥವರು ಬರುವುದಿಲ್ಲ, ಬಂದವರನ್ನು ಬೈತಾರೆ."

ಹೋದೆ. ಮುಂದಿನ ಆವೃತ್ತಿ ಬರುವವರೆಗೆ ಎರಡು ಸಂಕ್ರಾಂತಿ ಕಳೆದವು. ಎರಡರಲ್ಲೂ ನನ್ನ ತಾರಸಿಯ ಮೇಲೆ ಒಂದೇ ಸೀರೆಯಷ್ಟು ಕೊಬ್ಬರಿ. ತಿಳಿದವರು ನಾಲ್ಕು ಮಂದಿ ತೆಗೆದುಕೊಂಡರು. ವಹಿನಿ ತಮ್ಮ ಹಳದಿ-ಕುಂಕುಮಕ್ಕೆ ಎಂದು ಬೇಕಾದದ್ದಕ್ಕಿಂತ ಹೆಚ್ಚೇ ಕೊಂಡರು. ಆದರೂ ನಾನು ಭಾನುವಾರದ ಅಡುಗೆ ಬೇಗ ಮುಗಿಸಿ, ಮಾಟುಂಗಕ್ಕೆ ಹೋಗಿ ಕೂರುತ್ತಿದ್ದೆ. ನನಗೆ ಕೊಟ್ಟದ್ದು ಹೊಲಿಗೆ, ಸಂಗೀತ ಪಾಠ, ಮಕ್ಕಳ ಟ್ಯೂಷನ್ ವಿಭಾಗಗಳು. ನನ್ನ ಹೆಸರು ಸರಿಯಾದ ಜಾಗಕ್ಕೆ ಹೋಗುವುದನ್ನು ಕಣ್ಣಿನಿಂದ ನೋಡಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ.

ಒಳಗೆ ಕೂತ ಮೇಲೆ ಆ ಪುಸ್ತಕ ಹೇಗೆ ಹುಟ್ಟುತ್ತದೆಂದು ತಿಳಿಯಿತು. ಬಂದ ಫಾರಂಗಳು ಬಿಸ್ಕತ್ತಿನ ಡಬ್ಬಿಯಲ್ಲಿ ಬೀಳುತ್ತಿದ್ದವು. ಯಾರ ವಿಭಾಗವೋ ಅವರು ಬಂದಾಗ ತೆಗೆದರೆ ತೆಗೆದರು. ಲಾಡ್ಜುಗಳ ವಿಭಾಗ ನೋಡಿಕೊಳ್ಳುತ್ತಿದ್ದವರು ದೀಪಾವಳಿಗೆ ಊರಿಗೆ ಹೋದವರು ಬರಲೇ ಇಲ್ಲ. ಅವರಿಗೆ ಬಂದ ಫಾರಂಗಳನ್ನು ಇನ್ನೊಬ್ಬರು ಮುಟ್ಟುವುದು ಅವರಿಗೆ ಅವಮಾನವಂತೆ. ಡೊಂಬಿವಲಿಯ ಒಬ್ಬ ಟೈಲರು ಅಂಗಡಿ ಮುಚ್ಚಿ ಹುಬ್ಬಳ್ಳಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ಅವರ ಹೆಸರು ತೆಗೆಯೋಣ ಎಂದರೆ, "ಇರ್ಲಿ ಬಿಡಿ, ಹೆಸರು ಕಡಿಮೆಯಾದರೆ ಪುಸ್ತಕ ತೆಳ್ಳಗಾಗ್ತದೆ" ಎಂದರು. ಫೋನ್ ಮಾಡಿ, ತಮ್ಮ ಹೆಸರು ಯಾಕೆ ಬಂದಿಲ್ಲ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಸಿದ್ಧವಿರುತ್ತಿತ್ತು. ನಾವು ಸೇವೆ ಮಾಡುತ್ತಿದ್ದೇವೆ, ವ್ಯಾಪಾರವಲ್ಲ. ಫೋನ್ ಮಾಡಿದ ಮನುಷ್ಯನಿಗೆ ಅದು ವ್ಯಾಪಾರ, ಅವನ ಮನೆಯ ಒಲೆ ಅದರಿಂದ ಉರಿಯುತ್ತದೆ ಎಂಬುದು ಆ ಕೋಣೆಯಲ್ಲಿ ಸ್ವಲ್ಪ ಅಸಹ್ಯದ ಸಂಗತಿಯಾಗಿತ್ತು. ಆಸೆಯಿದ್ದವರು ಕೆಳಗೆ, ಆಸೆಯಿಲ್ಲದವರು ಮೇಲೆ.

ಆಸೆಯಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ಅಡುಗೆ ಕಂಟ್ರಾಕ್ಟಿನ ವಿಭಾಗದಲ್ಲಿ ಅಕ್ಷರಕ್ರಮ ಬಿಟ್ಟು ಮೊದಲು ಬರುತ್ತಿದ್ದದ್ದು ಆ ವಿಭಾಗದವರ ಭಾವಮೈದುನನ ಹೆಸರು.

ಕೊನೆಗೆ ಅಚ್ಚಿಗೆ ಹೋಗುವ ಮುಂಚಿನ ಸಭೆಯಲ್ಲಿ ನನ್ನ ವಿಷಯ ಎತ್ತಿದೆ. ಬ್ಯಾಂಕಿನ ಹಿರಿಯರು ನನ್ನೆದುರಿಗೇ ಪೆನ್ನು ತೆಗೆದು, ಅಪರಕ್ರಿಯೆಯಲ್ಲಿದ್ದ ನನ್ನ ಹೆಸರಿನ ಮೇಲೆ ನೇರವಾದ ಗೆರೆ ಎಳೆದರು. "ನನ್ನ ಕಡೆಯಿಂದ ಆಯ್ತಮ್ಮ. ಗೊತ್ತಿಲ್ಲದೆ ಮಾಡಿದ್ದು, ಬೇಸರ ಬೇಡ." ಆ ಹಿರಿಯರು ಕೊಟ್ಟ ಮಾತು ಉಳಿಸಿಕೊಂಡರೆಂದು ಹೇಳಲೇಬೇಕು. ಹಬ್ಬದ ಸಾಮಗ್ರಿಯಲ್ಲಿ ಸೇರಿಸುವುದು ಬೆಂಗಳೂರಿನವರ ಕೆಲಸ. ನಾನೇ ಬರೆದುಕೊಡಲೇ ಎಂದೆ.

"ಅಯ್ಯೋ, ಬೇಡಮ್ಮ. ಸಂಪಾದಕರು ತಮ್ಮ ಹೆಸರು ತಾವೇ ಬರೆಯೋ ಹಾಗಿಲ್ಲ ಅಂತ ನಿಯಮ ಇದೆ. ನಾನು ನೋಡ್ಕೋತೀನಿ, ನೀವು ನಿಶ್ಚಿಂತೆಯಿಂದ ಇರಿ."

ಆ ರಾಜ್ಯೋತ್ಸವಕ್ಕೆ ಪುಸ್ತಕ ಬಿಡುಗಡೆಯಾಯಿತು. ಹಾಲ್ ತುಂಬಿತ್ತು. ವೇದಿಕೆಯ ಹಿಂದೆ ಕಟ್ಟು ಬಿಚ್ಚುತ್ತಿದ್ದಲ್ಲಿಂದ ಒಂದು ಪ್ರತಿ ತೆಗೆದುಕೊಂಡು, ಹೊಸ ಮಸಿಯ ವಾಸನೆಯ ಆ ಪುಟ ಹುಡುಕಿದೆ. ಹಬ್ಬದ ಸಾಮಗ್ರಿ. ಅಲ್ಲಿತ್ತು: "ಎಳ್ಳು-ಬೆಲ್ಲ, ಸಕ್ಕರೆ ಅಚ್ಚು. ಮುಂಬಯಿ ಹವೆಗೆ ಬೆವರದಂತೆ ತಯಾರಿಸಿದ್ದು." ಹೆಸರು ಯಾರೋ ಹೆಂಗಸಿನದು. ಫೋನ್ ನಂಬರ್ ನನಗೆ ಗೊತ್ತಿದ್ದ ನಂಬರ್. ಭಾನುವಾರ ಸಭೆ ಇದೆಯೇ ಇಲ್ಲವೇ ಎಂದು ಕೇಳಲು ನಾನು ಆ ನಂಬರನ್ನು ಎಷ್ಟೋ ಸಲ ತಿರುಗಿಸಿದ್ದೆ. ಮುಂದಿನ ಪುಟ ನೋಡಿದೆ, ಹಿಂದಿನ ಪುಟ ನೋಡಿದೆ. ನನ್ನ ಹೆಸರು ಹಬ್ಬದಲ್ಲೂ ಇರಲಿಲ್ಲ, ಅಪರದಲ್ಲೂ ಇರಲಿಲ್ಲ.

ಬೆಂಗಳೂರಿನವರು ಅತಿಥಿಗಳಿಗೆ ಹಾರ ಜೋಡಿಸುತ್ತಿದ್ದರು. ಪುಟವನ್ನು ಅವರ ಮುಂದೆ ಹಿಡಿದೆ.

"ಒಂದೇ ಬಗೆಯ ಎರಡು ಹೆಸರು ಬೇಡ ಅಂತ ಆಯ್ತಮ್ಮ. ಜಾಗ ಇರ್ಲಿಲ್ಲ. ಅಲ್ಲದೆ ನೀವು ಸಂಪಾದಕ ಮಂಡ್ಳೀಲಿ ಇದೀರಿ. ನಿಮ್ಮ ಹೆಸರು ಹಾಕಿದ್ರೆ ನಾಲ್ಕು ಜನ ಏನಂತಾರೆ ಹೇಳಿ."

"ಇದು ನಿಮ್ಮ ಮನೆ ನಂಬರಲ್ವಾ ಸರ್?"

"ಅದು ನನ್ನ ಹೆಂಡತಿ ತಂಗೀದು. ನಮ್ಮನೇಲಿದಾಳೆ ಅಷ್ಟೇ. ನಂಗೂ ಅದಕ್ಕೂ ಸಂಬಂಧ ಇಲ್ಲ. ಈಗ ಅದೆಲ್ಲ ಬೇಡ, ಬನ್ನಿ ಬನ್ನಿ, ಹೆಸರು ಕೂಗ್ತಿದಾರೆ."

ಕೂಗುತ್ತಿದ್ದದ್ದು ನನ್ನ ಹೆಸರನ್ನೇ. ಸಂಪಾದಕರಿಗೆಲ್ಲ ಶಾಲು ಹೊದಿಸುತ್ತಿದ್ದರು. ಗೃಹಿಣಿಯಾಗಿದ್ದುಕೊಂಡೂ ಯಾವ ಫಲಾಪೇಕ್ಷೆಯೂ ಇಲ್ಲದೆ ಕನ್ನಡದ ಸೇವೆ ಮಾಡಿದವರು ಎಂದು ಮೈಕಿನಲ್ಲಿ ಹೇಳಿದರು. ನನಗೆ ಫಲಾಪೇಕ್ಷೆ ಇತ್ತು. ಒಂದೇ ಒಂದು ಸಾಲಿನಷ್ಟು ಇತ್ತು. ಜನ ಚಪ್ಪಾಳೆ ತಟ್ಟಿದರು. ನಾನು ಕೈಮುಗಿದೆ. ಶಾಲಿನ ಅಂಚಿನಲ್ಲಿ ಅಂಗಡಿಯ ಚೀಟಿ ಹಾಗೆಯೇ ಪಿನ್ನಿನಲ್ಲಿ ಸಿಕ್ಕಿಕೊಂಡಿತ್ತು. ಅದು ಕುತ್ತಿಗೆಗೆ ಚುಚ್ಚುತ್ತಿತ್ತು. ವೇದಿಕೆಯ ಮೇಲೆ ಅದನ್ನು ತೆಗೆಯುವುದು ಚೆನ್ನಾಗಿರುವುದಿಲ್ಲವೆಂದು ಹಾಗೆಯೇ ನಿಂತಿದ್ದೆ.

ಕೆಳಗೆ ಇಳಿದಾಗ ವಿಕ್ರೋಳಿಯವರು ಜನರ ನಡುವಿನಿಂದ ದಾರಿ ಮಾಡಿಕೊಂಡು ಬಂದರು. ಕೈಯಲ್ಲಿ ಹೊಸ ಪುಸ್ತಕ. ನನ್ನ ಎರಡೂ ಕೈ ಹಿಡಿದುಕೊಂಡರು.

"ಎಷ್ಟು ಚೆನ್ನಾಗಿ ಹೇಳಿದ್ರು ನಿಮ್ಮ ಬಗ್ಗೆ! ನಂಗೆ ಗೊತ್ತೇ ಇರ್ಲಿಲ್ಲ ನೋಡಿ, ಈ ಕೆಲಸಕ್ಕೆ ಸೇರ್ಕೊಂಡಿದೀರ ಅಂತ. ಅದಕ್ಕೇ ಎಳ್ಳು ಮಾಡೋದು ಬಿಟ್ರಾ?"

"ಬಿಟ್ಟೆ ಅಂತ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ ಕಣ್ರೀ. ಇದರಲ್ಲಿ ನಿಮ್ಮ ಹೆಸರೇ ಇಲ್ವಲ್ಲ." ಪುಟ ತೆಗೆದು ಬೆರಳಿಟ್ಟು ತೋರಿಸಿದರು. "ಇವರು ಯಾರೋ ಹೊಸಬರು. ಹೋದ ವಾರವೇ ನಮ್ಮ ಕಾಲೊನಿಗೆ ಫೋನ್ ಮಾಡಿದ್ರು. ನಮ್ಮ ಬಿಲ್ಡಿಂಗೆಲ್ಲ ಹೇಳಿಬಿಟ್ಟಿದೀವಿ. ನಮ್ಮತ್ತೆಗೂ ಸಮಾಧಾನ, ಹಬ್ಬದ ವಿಭಾಗದಲ್ಲೇ ಇದೆಯಲ್ಲ. ನೀವು ಮಾಡೋ ಹಾಗಿದ್ದಿದ್ರೆ ನಾನು ಬೇರೆಯವರಿಗೆ ಹೇಳ್ತಿದ್ನೇ? ಬಿಟ್ರಿ ತಾನೇ?"

ಅವರ ಮುಖದಲ್ಲಿ ಕಪಟವಿರಲಿಲ್ಲ. ಆರ್ಡರ್ ಕೊಟ್ಟಾಗಿತ್ತು. ನಾನು ಇಲ್ಲ ಎಂದರೆ ಅವರಿಗೆ ಕಷ್ಟ, ಹೌದು ಎಂದರೆ ಹಗುರ. ಬೆಂಗಳೂರಿನಿಂದ ಬಂದ ಕೊಬ್ಬರಿಯ ಚೀಲ ನಮ್ಮ ಅಡುಗೆಮನೆಯ ಮೂಲೆಯಲ್ಲಿ ಇನ್ನೂ ಬಾಯಿ ಬಿಚ್ಚದೆ ಕೂತಿತ್ತು.

"ಹೌದು ಕಣ್ರೀ," ಎಂದೆ. "ಬಿಟ್ಟೆ."

ಆ ಮಾತು ಬಾಯಿಂದ ಬರುವವರೆಗೂ ನಾನು ಬಿಟ್ಟಿರಲಿಲ್ಲ.